ಹೊಳೆಯ ಬಾಕಿ

ಯಲ್ಲಾಪುರದಿಂದ ಹದಿನೇಳು ಹದಿನೆಂಟು ಕಿಲೋಮೀಟರ್ ದೂರದ ಮಾಗೋಡಿನಲ್ಲಿ ಬೇಡ್ತಿ ಹೊಳೆ ಎರಡು ಹಂತವಾಗಿ ಸುಮಾರು 200 ಮೀಟರ್ ಆಳಕ್ಕೆ ಧುಮುಕುತ್ತದೆ. ಅಷ್ಟು ಎತ್ತರದಿಂದ ಬಿದ್ದವರಿಗೆ ಒಂದಿಷ್ಟಾದರೂ ಗಡಿಬಿಡಿ, ಗಾಬರಿ ಇರಬೇಕಲ್ಲ? ಈ ಹೊಳೆಗೆ ಅದೇನೂ ಇಲ್ಲ. ಅಲ್ಲಿಗೆ ಹತ್ತಿರದ ಜೇನುಕಲ್ಲು ಗುಡ್ಡದ ಅಂಚಿಗೆ ಬಂದು ಬಗ್ಗಿದರೆ, ಹಬ್ಬದೂಟ ಮುಗಿಸಿದ ಅಜ್ಜ ಜಗುಲಿಯಲ್ಲಿ ಮಗ್ಗುಲು ಬದಲಿಸುವಂತೆ ಕಣಿವೆಯ ತಳದಲ್ಲಿ ನಿಧಾನ ಹೊರಳಿಕೊಂಡು ಪಡುವಣಕ್ಕೆ ಹೊರಟಿರುತ್ತದೆ. ಎರಡೂ ಬದಿ ಒತ್ತೊತ್ತಿ ನಿಂತ ಕಾಡು, ನಡುವೆ ಆ ತಿರುವು. ಬೇಸಿಗೆಯಲ್ಲಿ ಬಂಡೆಗಳ ಸಂದಿನ ಬಿಳಿ ಗೆರೆ, ಶ್ರಾವಣದಲ್ಲಿ ಕೆಮ್ಮಣ್ಣಿನ ಪ್ರವಾಹ. ಸೂರ್ಯ ಮುಳುಗುವುದನ್ನು ನೋಡಲೆಂದು ಜನ ಹುಬ್ಬಳ್ಳಿಯಿಂದ, ಬೆಂಗಳೂರಿನಿಂದ ಬರುತ್ತಾರೆ. ಭಾನುವಾರ ಸಂಜೆ ಗುಡ್ಡದ ಮೇಲೆ ಕಾರು ನಿಲ್ಲಿಸಲು ಜಾಗವಿರುವುದಿಲ್ಲ.

ಹೊಳೆಯನ್ನು ಮೇಲಿಂದ ನೋಡುವ ಚಟ ನಮ್ಮ ಹಿರಿಯರಿಗಿರಲಿಲ್ಲ. ಪುರುಸೊತ್ತೂ ಇರಲಿಲ್ಲ. ಆ ಬಂಡೆಯಂಚಿಗೆ ಹೋಗುವವರಿಗೆ ಅಲ್ಲಿ ಕೆಲಸವಿರುತ್ತಿತ್ತು. ಬಂಡೆಯ ಹೊಟ್ಟೆಗೆ ಹೆಜ್ಜೇನು ಸಾಲಾಗಿ ತಟ್ಟಿ ಕಟ್ಟುತ್ತಿದ್ದ ಕಾರಣಕ್ಕೇ ಅದು ಜೇನುಕಲ್ಲು. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಅಜ್ಜ ಒಬ್ಬರು ಹೆಜ್ಜೇನು ಕೊಯ್ಯುವ ಬಗೆಯನ್ನು ಅಡಿಕೆ ಸುಲಿಯುತ್ತ ಹೇಳುತ್ತಿದ್ದರು. ಅಮಾವಾಸ್ಯೆಯ ಹಿಂದುಮುಂದಿನ ಕತ್ತಲು ಬೇಕು. ಬಳ್ಳಿ ಹೆಣೆದ ಏಣಿಯನ್ನು ಮೇಲಿನ ಮರಕ್ಕೆ ಕಟ್ಟಿ ಒಬ್ಬ ಇಳಿಯಬೇಕು. ಹೊತ್ತಿಸಿದ ಸೂಡಿಯಿಂದ ತಟ್ಟಿಯನ್ನು ಸವರಿದರೆ ಕಿಡಿಗಳು ಕಣಿವೆಗೆ ಉದುರುತ್ತವೆ, ಹುಳುಗಳು ಆ ಕಿಡಿಗಳ ಬೆನ್ನು ಹತ್ತಿ ಕೆಳಗೆ ಹೋಗುತ್ತವೆ. ಅವು ಮೋಸ ಹೋದದ್ದು ಗೊತ್ತಾಗಿ ಹಿಂತಿರುಗುವಷ್ಟರಲ್ಲಿ ತುಪ್ಪ ಡಬ್ಬಿಗೆ ಇಳಿದಿರಬೇಕು. ಎಲ್ಲ ಕೊಯ್ಯುವಂತಿಲ್ಲ, ಒಂದೆರಡು ತಟ್ಟಿ ಬಿಟ್ಟು ಬರಬೇಕು. "ಕಲ್ಲಿನ ಪಾಲು ಕಲ್ಲಿಗೆ" ಎನ್ನುತ್ತಿದ್ದರು ಅಜ್ಜ. ಕತ್ತಲಲ್ಲಿ ಕೊಯ್ದವರಿಗೆ ಆ ಜಗತ್ಪ್ರಸಿದ್ಧ ತಿರುವು ಕಾಣುವ ಪ್ರಶ್ನೆಯೇ ಇರಲಿಲ್ಲ. ಕೆಳಗಿನ ನೀರಿನ ಸದ್ದಿನಿಂದಲೇ ತಾವು ಬಂಡೆಯ ಯಾವ ಮೂಲೆಯಲ್ಲಿದ್ದೇವೆಂದು ಅವರು ತಿಳಿಯುತ್ತಿದ್ದರಂತೆ. ಆಫ್ರಿಕಾದಿಂದ ಗೋವೆಯ ದಾರಿಯಾಗಿ ಶತಮಾನಗಳ ಹಿಂದೆ ಈ ಕಾಡು ಸೇರಿದವರ ಮೊಮ್ಮಕ್ಕಳವರು. ಅವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂದು ಸರ್ಕಾರಕ್ಕೆ ತೋಚಿದ್ದು 2003ರಲ್ಲಿ. ಬಂಡೆಗೂ ಹೊಳೆಗೂ ಅವರು ಬಹಳ ಮೊದಲೇ ಪರಿಚಿತರು.

ನಮ್ಮ ಮನೆ ಮಾಗೋಡಿಗಿಂತ ಮೇಲೆ, ಮಂಚೀಕೇರಿಯ ಕಡೆಗೆ. ಅಲ್ಲಿಯೂ ಬೇಡ್ತಿಗೆ ಒಂದು ತಿರುವುಂಟು. ಪ್ರವಾಸಿ ಕೈಪಿಡಿಯಲ್ಲಿ ಅದರ ಸೊಲ್ಲಿಲ್ಲ, ಅದನ್ನು ನೋಡಲು ಎತ್ತರದ ಗುಡ್ಡವೂ ಇಲ್ಲ. ಅದರೊಳಗೇ ಇಳಿದು ತಿಳಿಯಬೇಕು. ಒಳಮೈಗೆ ಮರಳು, ಹೊರಮೈಗೆ ಮಡು. ಮರಳಿನ ಬದಿ ಎಮ್ಮೆಗುಂಡಿ, ಅದಕ್ಕಿಂತ ಮೇಲೆ ಹೊಳೆಮತ್ತಿ ಮರದ ನೆರಳಿನಲ್ಲಿ ಹೆಂಗಸರ ಗುಂಡಿ, ತಿರುವು ಮುಗಿಯುವಲ್ಲಿ ಯಾರೂ ತಳ ಕಾಣದ ಚೌಡಿಗುಂಡಿ. ಮಕ್ಕಳಿಗೆ ಎಮ್ಮೆಗುಂಡಿಯಲ್ಲಿ ಎಮ್ಮೆಗಳ ಜೊತೆ ದಾಖಲಾತಿ. ಒಬ್ಬೊಬ್ಬರೇ ಬೆಳೆದಂತೆ ಕೆಳಗಿನ ತರಗತಿಗೆ ಹೋಗಬಹುದಿತ್ತು. ಈಜು ಕಲಿಸುವಾಗ ನನ್ನ ಅಜ್ಜ ಹೇಳಿದ್ದು ಒಂದೇ ಪಾಠ: "ಮಾಣಿ, ಸೆಳವಿಗೆ ಎದುರು ಹೋಗಡ. ಅದು ಹೋದ ಬದಿಗೇ ಹೋಗು. ತಿರುವಿನಲ್ಲಿ ಅದೇ ನಿನ್ನ ದಡಕ್ಕೆ ಹಾಕ್ತು." ಹಾಗೆಯೇ ಆಗುತ್ತಿತ್ತು. ತಿರುವಿನ ಒಳಮೈಯಲ್ಲಿ ನೀರಿನ ಓಟ ತಗ್ಗುತ್ತದೆ, ಹೊತ್ತು ತಂದ ಮರಳನ್ನೂ ಮಕ್ಕಳನ್ನೂ ಅಲ್ಲಿ ಇಳಿಸಿ ಮುಂದೆ ಹೋಗುತ್ತದೆ. ನೀರಿನ ಈ ನಡತೆಯನ್ನು ಭೂಗೋಳದ ಪುಸ್ತಕದಲ್ಲಿ ಓದುವ ಮೊದಲೇ ಬೆನ್ನು, ಮೊಣಕಾಲುಗಳಿಂದ ಕಲಿತಿದ್ದೆವು.

ಅಮ್ಮನ ತವರು ಆಚೆ ದಡದಲ್ಲಿ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದರೆ ಎಲೆಅಡಿಕೆ ಹಾಕಿಕೊಂಡು ಮುಗಿಸುವುದರೊಳಗೆ ಅಲ್ಲಿ. ಆರಿದ್ರಾ ಮಳೆ ಹಿಡಿದು ಹೊಳೆ ಎರಡೂ ದಡ ತುಂಬಿತೆಂದರೆ ಅದೇ ತವರು ಕಾಶಿಯಷ್ಟು ದೂರ. ದೋಣಿ ಹಾಕಲೂ ಆಗದ ದಿನಗಳಲ್ಲಿ ಸುದ್ದಿ ಹೋಗಿ ಬರುತ್ತಿದ್ದುದು ಕೂಗಿನ ಮೇಲೆ. ಹೊಳೆ ಕಿರಿದಾಗುವ ಕಡೆ ಕಂಬಳಿ ಕೊಪ್ಪೆ ಹೊದ್ದು ನಿಂತು ಒಬ್ಬರು ಕೂ ಹಾಕಿದರೆ ಆಚೆಯವರು ಮಾರುತ್ತರ ಕೊಡುತ್ತಿದ್ದರು. ಹೆರಿಗೆಯ ಸುದ್ದಿ ಕೂಗಬಹುದಿತ್ತು, ಎಮ್ಮೆ ಕರು ಹಾಕಿದ್ದು, ಕೊಳೆರೋಗ ತೋಟಕ್ಕೆ ಬಿದ್ದದ್ದು, ತಾಳಮದ್ದಳೆ ಮುಂದೆ ಹೋದದ್ದು ಎಲ್ಲ ಕೂಗಬಹುದಿತ್ತು. ಸಾವಿನ ಸುದ್ದಿಯನ್ನು ಮಾತ್ರ ಕೂಗುವಂತಿರಲಿಲ್ಲ. ಅದಕ್ಕೆ ನೀರಿಳಿದು ದೋಣಿ ಬರುವವರೆಗೆ ಕಾಯಬೇಕು. ಅಮ್ಮನ ಸೋದರತ್ತೆ ತೀರಿಕೊಂಡದ್ದು ಆಕೆಗೆ ಗೊತ್ತಾದದ್ದು ಹಾಗೆ, ಒಂದು ವಾರದ ಮೇಲೆ. ಆ ವಾರವೆಲ್ಲ ಆಚೆ ದಡದಿಂದ ಕೂ ಬಂದಿರಲಿಲ್ಲವಾದ್ದರಿಂದ ಅಮ್ಮ ತಿಳಿಯಬೇಕಾದದ್ದನ್ನು ತಿಳಿದುಕೊಂಡೇ ಇದ್ದಳು.

ಚೌಡಿಗುಂಡಿಗೆ ಆ ಹೆಸರು ಬಂದದ್ದು ದಡದ ಕಲ್ಲಿಗೆ ಕುಂಕುಮ ಬಳಿದು ಕೂರಿಸಿದ ಚೌಡಿಯಿಂದ. ಒಂದು ಕಾಲಕ್ಕೆ ಈ ಗುಂಡಿ ಊರವರಿಗೆ ಪಾತ್ರೆ ಕಡ ಕೊಡುತ್ತಿತ್ತಂತೆ. ಮನೆಯಲ್ಲಿ ಮದುವೆಯಿದ್ದವರು ಹಿಂದಿನ ಸಂಜೆ ಹಣ್ಣುಕಾಯಿ, ವೀಳ್ಯ ಇಟ್ಟು, ಇಷ್ಟು ಕೊಪ್ಪರಿಗೆ, ಇಷ್ಟು ಹಂಡೆ, ಇಷ್ಟು ಸೌಟು ಬೇಕೆಂದು ಬಾಯಿಬಿಟ್ಟು ಹೇಳಿ ತಿರುಗಿ ನೋಡದೆ ಬರಬೇಕು. ಬೆಳಗಾದರೆ ದಡದ ಮೇಲೆ ತಾಮ್ರದ ಪಾತ್ರೆಗಳು ಸಾಲು ಹಚ್ಚಿರುತ್ತವೆ. ಸಮಾರಾಧನೆ ಮುಗಿದ ಮೇಲೆ ಹುಣಸೆಹಣ್ಣು ಹಾಕಿ ಬೆಳಗಿ, ಎಣಿಸಿ, ನೀರಿಗೆ ಬಿಟ್ಟು ಬರುವುದು. ಬರಹವಿಲ್ಲ, ರುಜುವಿಲ್ಲ. ಒಂದು ಮನೆಯವರು ಒಂದೇ ಒಂದು ಸೌಟಿನ ಮೇಲೆ ಆಸೆಪಟ್ಟು ಇಟ್ಟುಕೊಂಡರು. ಅಂದಿನಿಂದ ಗುಂಡಿ ವ್ಯವಹಾರ ನಿಲ್ಲಿಸಿತು. ಮಲೆನಾಡಿನ ಎಷ್ಟೋ ಕೆರೆ, ಮಡುಗಳಿಗೆ ಈ ಕತೆ ಉಂಟು. ನಮ್ಮ ಗುಂಡಿಯ ವಿಶೇಷವೆಂದರೆ ಕಳ್ಳರ ವಿಳಾಸದ ತಕರಾರು. ನಮ್ಮೂರಲ್ಲಿ ಕೇಳಿದರೆ ಸೌಟು ಇಟ್ಟುಕೊಂಡವರು ಹೊಳೆಯಾಚೆಯವರು. ಅಮ್ಮನ ತವರಿನಲ್ಲಿ ಕೇಳಿದರೆ ಕದ್ದವರು ನಾವೇ. ಅಪ್ಪ ಅಮ್ಮನ ಜಗಳ ಎಲ್ಲಿಂದ ಶುರುವಾದರೂ ಒಮ್ಮೆ ಆ ಸೌಟಿನ ಮನೆಗೆ ಹೋಗಿಯೇ ಬರುತ್ತಿತ್ತು.

ತಿರುವಿನ ಹೊರಮೈಯಲ್ಲಿ, ನೀರು ಕೊರೆದು ಬೇರು ಬಿಚ್ಚಿದ ದಡದ ಮೇಲೆ, ಒಂದು ಅಪ್ಪೆ ಮಾವಿನ ಮರವಿತ್ತು. ನಮ್ಮ ಸೀಮೆಯ ಒಳ್ಳೆಯ ಅಪ್ಪೆಗಳೆಲ್ಲ ಹೊಳೆಸಾಲಿನವು. ಬೇಡ್ತಿ, ಶಾಲ್ಮಲಾ, ಅಘನಾಶಿನಿ, ಶರಾವತಿಗಳ ದಡದಲ್ಲಿ ಯಾರೂ ನೆಡದೆ ಬೆಳೆದವು. ಶಿವರಾತ್ರಿಯ ಆಸುಪಾಸಿಗೆ ಮಿಡಿ ಹದಕ್ಕೆ ಬಂದರೆ ಹತ್ತುವವನನ್ನು ಕರೆಸುವುದು. ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದದ್ದು ಒಂದು ಭರಣಿಗೆ ಸೇರಿದರೂ ವರ್ಷದ ಉಪ್ಪಿನಕಾಯಿ ಕೊಳೆತಂತೆ. ಹಾಗಾಗಿ ಅವನು ಬುಟ್ಟಿಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸುವುದು, ಕೆಳಗೆ ನಾವು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು. ಕೈಗೆ ಸೊನೆ ಹತ್ತಿದರೆ ಚರ್ಮ ಸುಟ್ಟು ಕಪ್ಪಾಗುತ್ತಿತ್ತು, ಆದರೆ ಆ ಪರಿಮಳ ಕೈಯಲ್ಲಿ ಮೂರು ದಿನ ಇರುತ್ತಿದ್ದುದರಿಂದ ಯಾರೂ ದೂರು ಹೇಳುತ್ತಿರಲಿಲ್ಲ. ಮನೆಗೆ ತಂದ ಮಿಡಿಗೆ ಕಲ್ಲುಪ್ಪು ಹಾಕಿ ಮುಚ್ಚಿಟ್ಟರೆ ತನ್ನ ನೀರನ್ನು ತಾನೇ ಬಿಟ್ಟು ಚಿರುಟಿಕೊಳ್ಳುತ್ತದೆ. ಆಮೇಲೆ ಆ ಉಪ್ಪುನೀರಿನಲ್ಲೇ ಸಾಸಿವೆ, ಮೆಣಸು ಅರೆದು ಕೂಡಿಸುವುದು. ಒಳ್ಳೆಯ ಮರಕ್ಕೆ ಮನುಷ್ಯರ ಹೆಸರೇ ಬಂದುಬಿಡುತ್ತಿತ್ತು. ಅನಂತಭಟ್ಟನ ಅಪ್ಪೆ ಇಂದಿಗೂ ನಾಡಿಗೆಲ್ಲ ಗೊತ್ತು. ಅನಂತಭಟ್ಟರು ಯಾರೆಂದು ಕೇಳುವವರಿಲ್ಲ, ಅವರ ಹೆಸರು ಮಾತ್ರ ಭರಣಿಯಿಂದ ಭರಣಿಗೆ ನಡೆದುಬಂದಿದೆ.

ನಮ್ಮ ಮರಕ್ಕೆ ಅಂಥ ಯೋಗವಿರಲಿಲ್ಲ. ಮಿಡಿಯನ್ನು ನೂರರ ಲೆಕ್ಕದಲ್ಲಿ ಮಾರುವ ಪೇಟೆ ಬೆಳೆಯಿತು, ಬೆಲೆ ಏರಿತು. ಹತ್ತಿ ಇಳಿಸುವ ತಾಳ್ಮೆಯಿಲ್ಲದವರು ಬಂದು ಕೊಂಬೆಗಳನ್ನೇ ಕಡಿದು ಕೆಡವಿ ಮಿಡಿ ಆರಿಸಿಕೊಂಡು ಹೋದರು. ಬೋಳಾದ ಮರವನ್ನು ಮುಂದಿನ ಯಾವುದೋ ನೆರೆ ಬೇರು ಸಮೇತ ಒಯ್ದಿತು. ಊರಲ್ಲಿ ಕೇಳಿದರೆ ಹೊಳೆ ಒಯ್ದಿತು ಎನ್ನುತ್ತಾರೆ. ಹೊಳೆಗೆ ಬಾಯಿಲ್ಲ.

ಬೇಡ್ತಿ ಒಂದೇ ಹೆಸರಿನ ಹೊಳೆಯಲ್ಲ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವಾಗ ಶಾಲ್ಮಲೆ, ನಮ್ಮ ಕಾಡಿನಲ್ಲಿ ಬೇಡ್ತಿ, ಘಟ್ಟ ಇಳಿದ ಮೇಲೆ ಗಂಗಾವಳಿ. ಅಂಕೋಲೆ, ಗೋಕರ್ಣಗಳ ನಡುವೆ ಸಮುದ್ರ ಸೇರುವಲ್ಲಿ ಗಂಗಾಮಾತೆಯ ಗುಡಿಯುಂಟು. ದೀಪಾವಳಿಯ ಹೊತ್ತಿಗೆ ಗೋಕರ್ಣದ ಮಹಾಬಲೇಶ್ವರನಿಗೂ ಈ ಗಂಗೆಗೂ ಮದುವೆ ನಡೆಯುತ್ತದೆ. ಬಯಲುಸೀಮೆಯಲ್ಲಿ ಹುಟ್ಟಿ ನಮ್ಮ ಕಾಡಿನಲ್ಲಿ ಬೆಳೆದ ಹುಡುಗಿಗೆ ಕರಾವಳಿಯ ಗಂಡ. ಹೆಣ್ಣಿನ ಕಡೆಯವರಾದ ನಮ್ಮನ್ನು ಯಾರೂ ಕರೆಯುವುದಿಲ್ಲವೆಂದು ಅಜ್ಜಿ ಪ್ರತಿ ವರ್ಷ ಹುಸಿಕೋಪ ಮಾಡುತ್ತಿದ್ದಳು.

ಶಿರಸಿ ಕಡೆಯ ಶಾಲ್ಮಲೆ ಬೇರೆ. ಅದು ಸೋಂದೆಯ ಪಕ್ಕದಲ್ಲಿ ಹರಿದು ಬರುತ್ತದೆ. ಅಲ್ಲಿ ನೀರಿನ ನಡುವಿನ ಬಂಡೆಬಂಡೆಗೂ ಲಿಂಗ, ಲಿಂಗದೆದುರು ನಂದಿ. ಮಕ್ಕಳಿಲ್ಲದ ಅರಸ ಸಾವಿರ ಲಿಂಗ ಕೆತ್ತಿಸುವ ಹರಕೆ ಹೊತ್ತನೆಂದು ಜನ ಹೇಳುತ್ತಾರೆ. 1678ರಿಂದ 1718ರವರೆಗೆ ಆಳಿದ ಸದಾಶಿವರಾಯನ ಹೆಸರು ಅದಕ್ಕೆ ಅಂಟಿಕೊಂಡಿದೆ. ಸೋಂದೆ ಅರಸರ ಸಿರಿ ಕಾಳುಮೆಣಸಿನದು. ಹೈದರಾಲಿಯ ಸೈನ್ಯ ಬಂದು 1763ರ ಸುಮಾರಿಗೆ ಆ ರಾಜ್ಯ ಮುಗಿಯಿತು. ಅರಸು ಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆಯಿತು. ಅರಮನೆ, ಕೋಟೆಯ ಕಲ್ಲುಗಳನ್ನು ಕಾಡು ನುಂಗಿತು, ವಾದಿರಾಜರ ಮಠ, ಜೈನ ಮಠ, ಸ್ವರ್ಣವಲ್ಲಿ ಮಠಗಳು ಉಳಿದವು. ಹೊಳೆಯ ಲಿಂಗಗಳು ಮಾತ್ರ ಪ್ರತಿ ಮಳೆಗಾಲ ಮುಳುಗಿ ಪ್ರತಿ ಶಿವರಾತ್ರಿಯ ಹೊತ್ತಿಗೆ ಏಳುತ್ತವೆ. ಸಿದ್ದಾಪುರದಲ್ಲಿರುವ ನನ್ನ ಅತ್ತೆಗೆ ಈ ಸೋಂದೆ, ಬೇಡ್ತಿಗಳ ಹೆಚ್ಚುಗಾರಿಕೆ ಕೇಳಿದರೆ ಆಗದು. ಅವರದು ಅಘನಾಶಿನಿಯ ಪಕ್ಷ. ಶಿರಸಿಯ ಶಂಕರಹೊಂಡದಿಂದ ಹೊರಟ ಆ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. 1845ರಲ್ಲಿ ಲೂಷಿಂಗ್ಟನ್ ಎಂಬ ಕಲೆಕ್ಟರ್ ಅದನ್ನು 'ಕಂಡುಹಿಡಿದ'ನೆಂದು ಫಲಕಗಳು ಹೇಳುತ್ತವೆ. ಅದರ ಆರ್ಭಟಕ್ಕೆ ಕಿವಿ ಕೆಪ್ಪಾಗುತ್ತದೆಂದು ಕೆಪ್ಪ ಜೋಗವೆಂದು ಕರೆದವರು ಅಲ್ಲೇ ಗದ್ದೆ ಹೂಡುತ್ತಿದ್ದರು, ಅವರಿಗೆ ಅದು ಕಳೆದದ್ದೇ ಗೊತ್ತಿರಲಿಲ್ಲ.

1970ರ ದಶಕದ ಕೊನೆಗೆ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂತು. ಕಣಿವೆಯ ತೋಟಗಳು ಮುಳುಗುತ್ತವೆ, ನಮ್ಮ ತಿರುವೂ ಅದರೊಳಗೆ. ಪಕ್ಕದ ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಎದ್ದುಹೋದ ನೆಂಟರ ಕತೆ ಎಲ್ಲ ಮನೆಗಳಲ್ಲೂ ಹಸಿಯಾಗಿತ್ತು. ಆಗ ನಮ್ಮವರು ಮಾಡಿದ್ದೊಂದು ಅಪರೂಪದ ಕೆಲಸ. 1923ರಷ್ಟು ಹಿಂದೆ ಹುಟ್ಟಿದ ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ ಮುಂದೆ ನಿಂತಿತು. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳು ಬಂದರು, ಶಿವರಾಮ ಕಾರಂತರು ದನಿಗೂಡಿಸಿದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ಯೋಜನೆಯ ಲಾಭನಷ್ಟದ ವಿಚಾರ ಸಂಕಿರಣವೇ ನಡೆಯಿತು. ಘೋಷಣೆಗಿಂತ ಹೆಚ್ಚಾಗಿ ಅಲ್ಲಿ ಲೆಕ್ಕ ಮಾತಾಡಿತು. ಎಕರೆಗೆ ಎಷ್ಟು ಅಡಿಕೆ, ಎಷ್ಟು ಮೆಣಸು, ಏಲಕ್ಕಿ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸಿಗುವ ಸೊಪ್ಪಿನಬೆಟ್ಟದ ಬೆಲೆ ಎಷ್ಟು, ಕಾಡಿನಿಂದ ಬರುವುದೆಷ್ಟು. ಈ ಲೆಕ್ಕ ಕೊಡಲು ಅವರಿಗೆ ಸಮೀಕ್ಷೆ ಬೇಕಿರಲಿಲ್ಲ, ಅದರಲ್ಲೇ ಬದುಕಿದ್ದರು. ಯೋಜನೆ ಹಿಂದೆ ಸರಿಯಿತು. ಎರಡು ವರ್ಷಗಳ ನಂತರ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿದರು. ಅಪ್ಪಿಕೋ ಹುಟ್ಟಿದ್ದು ಹಾಗೆ. ನಮಗೆಲ್ಲ ಗೆದ್ದೆವೆಂಬ ಹೆಮ್ಮೆ. 2011ರಲ್ಲಿ ಸರ್ಕಾರವೇ ಬೇಡ್ತಿ ಕಣಿವೆಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಮಂಗಟ್ಟೆ ಹಕ್ಕಿಗೆ, ಮರದರಿಶಿನದ ಬಳ್ಳಿಗೆ ಕಾಗದದ ಮೇಲೊಂದು ಆಸರೆ ಸಿಕ್ಕಿತು.

ಅಣೆಕಟ್ಟು ಬರಲಿಲ್ಲ, ತಿರುವು ಮುಳುಗಲಿಲ್ಲ. ಹಾಗಿದ್ದೂ ಕಳೆದುಕೊಂಡೆವು. ಇದು ಯಾರ ಮೇಲೂ ದೂರಲಾಗದ ಬಗೆಯ ನಷ್ಟ. ಬಚ್ಚಲಿಗೆ ನಲ್ಲಿ ಬಂತು, ಹೆಂಗಸರ ಗುಂಡಿಗೆ ಹೋಗುವ ದಾರಿಯಲ್ಲಿ ಲಂಟಾನ ಬೆಳೆಯಿತು. ನಲ್ಲಿ ಬೇಡವೆನ್ನುವ ಧೈರ್ಯ ನನಗಿಲ್ಲ, ಆ ಗುಂಡಿಯಿಂದ ಕೊಡ ಹೊತ್ತು ಏರು ಹತ್ತಿದವಳು ನನ್ನ ಅಮ್ಮ. ಸೇತುವೆ ಬಂತು, ದೋಣಿ ಸೌದೆಯಾಯಿತು. ಫೋನು ಬಂತು, ಕೂಗು ನಿಂತಿತು. ಈಗ ಸಾವಿನ ಸುದ್ದಿಗೂ ಕಾಯಬೇಕಿಲ್ಲ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ಕೈ ಮುಗಿದ ಚಿತ್ರದೊಂದಿಗೆ ಬರುತ್ತದೆ. ಮಂಗನ ಕಾಯಿಲೆಯ ಹೆದರಿಕೆಗೆ ಸಿದ್ದಾಪುರದ ಕಡೆ ಜನ ಉಣುಗಿನ ಕಾಲದಲ್ಲಿ ಕಾಡಿಗೇ ಹೋಗುವುದಿಲ್ಲ. ಮಕ್ಕಳು ಬೆಂಗಳೂರು ಸೇರಿದರು, ಹತ್ತು ಜನ ಮಲಗುತ್ತಿದ್ದ ಜಗುಲಿಯಲ್ಲಿ ಇಬ್ಬರು ಮುದುಕರು, ಒಂದು ಸಿಸಿಟಿವಿ. ಚೌಡಿಗೆ ಟೈಲ್ಸ್ ಹಾಕಿದ ಗುಡಿಯಾಗಿದೆ, ಗುಂಡಿಯ ಕಡೆ ಬೆನ್ನು ಮಾಡಿ, ರಸ್ತೆಗೆ ಮುಖ ಮಾಡಿ. ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ಒಳ್ಳೆಯದಾಯಿತೆಂದೇ ಹೇಳುತ್ತೇನೆ. ಒಟ್ಟು ಕೂಡಿಸಿದಾಗ ಮಾತ್ರ, ಹೊಳೆಗೂ ನಮಗೂ ಇದ್ದ ಕೊಡುಕೊಳ್ಳುವಿಕೆ ಪೂರ್ತಿ ನಿಂತುಹೋಗಿ, ನೋಡುವುದೊಂದೇ ಉಳಿದಿದೆ ಎಂದು ಗೊತ್ತಾಗುತ್ತದೆ.

ಗುಡ್ಡಗಳೂ ಈಗ ಮೊದಲಿನಂತಿಲ್ಲ. 2021ರ ಜುಲೈ ಮಳೆಗೆ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ತೋಟ, ಮನೆ, ರಸ್ತೆ ಸಮೇತ ಗುಡ್ಡವೇ ಜಾರಿತು. ಅದೇ ನೆರೆಗೆ ಗುಳ್ಳಾಪುರದ ಸೇತುವೆ ಕೊಚ್ಚಿಹೋಗಿ, ಆಚೆ ದಡದ ಊರುಗಳು ಮತ್ತೆ ಅಜ್ಜಂದಿರ ಕಾಲದ ಮಳೆಗಾಲಕ್ಕೆ ಬಿದ್ದವು. ಆದರೆ ಈ ಸಲ ದೋಣಿ ನಡೆಸುವ ಕೈ ಕಡಿಮೆಯಿದ್ದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ ಜನರನ್ನೂ ವಾಹನಗಳನ್ನೂ ಇದೇ ಹೊಳೆಗೆ ತಳ್ಳಿತು, ಎದುರು ದಡದ ಉಳುವರೆಯ ಮನೆಗಳಿಗೆ ನೀರು ಎದ್ದು ನುಗ್ಗಿತು. ಟಿವಿಯಲ್ಲಿ ವಾರಗಟ್ಟಲೆ ಗಂಗಾವಳಿ. ಅದು ನಮ್ಮದೇ ಬೇಡ್ತಿಯೆಂದು ಮನೆಯ ಹುಡುಗರಿಗೆ ನಾನು ಹೇಳಬೇಕಾಯಿತು.

ಈಗ ಎರಡನೆಯ ಯೋಜನೆ ಬಂದಿದೆ. ಬೇಡ್ತಿಯ ನೀರನ್ನು ಎತ್ತಿ ವರದಾ ನದಿಗೆ, ಅಲ್ಲಿಂದ ತುಂಗಭದ್ರೆಗೆ ಒಯ್ಯುವುದು. ಹಾವೇರಿ, ಗದಗದ ಕಡೆಯವರ ಬಾಯಾರಿಕೆ ಸುಳ್ಳಲ್ಲ, ಅದನ್ನು ಹಗುರಾಗಿ ಮಾತಾಡಬಾರದು. ಇಲ್ಲಿ ಬೇಸಿಗೆಯಲ್ಲಿ ಬಂಡೆ ಎಣಿಸುವಷ್ಟೇ ನೀರಿದೆಯೆಂಬುದೂ ಸುಳ್ಳಲ್ಲ. 2022ರಲ್ಲಿ ಮಂಚೀಕೇರಿಯಲ್ಲಿ ಯೋಜನೆಯ ವಿರುದ್ಧ ದೊಡ್ಡ ಸಮಾವೇಶವಾಯಿತು, ಸ್ವರ್ಣವಲ್ಲಿ ಶ್ರೀಗಳು ಮುಂದಾಳಾಗಿ ನಿಂತರು. ನನಗೆ ಚಿಂತೆ ಹತ್ತಿದ್ದು ಬೇರೆಯದಕ್ಕೆ. ನಲವತ್ತು ವರ್ಷಗಳ ಹಿಂದೆ ಈ ಹೊಳೆಯನ್ನು ಉಳಿಸಿದ್ದು ಅದರ ಆಗುಹೋಗು ಗೊತ್ತಿದ್ದವರ ಲೆಕ್ಕ. ಯಾವ ಗುಂಡಿಯಲ್ಲಿ ಚೈತ್ರದವರೆಗೆ ನೀರು ನಿಲ್ಲುತ್ತದೆ, ಯಾವ ಒರತೆ ಬತ್ತಿದರೆ ಯಾರ ತೋಟ ಒಣಗುತ್ತದೆ, ಎಲ್ಲಿ ಅಪ್ಪೆ, ಎಲ್ಲಿ ಬೆತ್ತ, ಎಲ್ಲಿ ಜೇನು, ಇದನ್ನು ತಲೆಯಲ್ಲಿಟ್ಟುಕೊಂಡವರು ಸಾಲಾಗಿ ಸಾಕ್ಷಿ ಹೇಳಿದರು. ನಾಳೆ ಅಧಿಕಾರಿಯೊಬ್ಬರು ನಕ್ಷೆ ಬಿಡಿಸಿ, ಈ ತಿರುವಿನಲ್ಲಿ ಅಂಥದ್ದೇನಿದೆ ಎಂದು ಕೇಳಿದರೆ ನಮ್ಮ ಹತ್ತಿರ ಇರುವುದು ಸೂರ್ಯಾಸ್ತದ ಫೋಟೊ. ಸೂರ್ಯಾಸ್ತಕ್ಕೆ ಪರಿಹಾರದ ದರ ಎಷ್ಟೆಂದು ಯಾವ ಕೋಷ್ಟಕದಲ್ಲೂ ಇಲ್ಲ.

ಅದಕ್ಕೇ ನನ್ನ ಕೈಲಿದ್ದ ಚಿಲ್ಲರೆಯನ್ನು ಇಲ್ಲಿ ಜಮಾ ಮಾಡಿದ್ದೇನೆ: ಮೂರು ಗುಂಡಿ, ಒಂದು ಕೂಗು, ಇಲ್ಲದ ಮರವೊಂದರ ಜಾಗ, ಕತ್ತಲಲ್ಲಿ ಜೇನು ಕೊಯ್ಯುವ ಕ್ರಮ. ದೊಡ್ಡ ಮೊತ್ತವೇನಲ್ಲ. ಹೊಳೆಸಾಲಿನ ಮನೆಗಳಲ್ಲಿ ಎಂಬತ್ತು ದಾಟಿದವರು ಇನ್ನೂ ಕೆಲವರಿದ್ದಾರೆ. ಸಿದ್ದಿಗಳ ಕೇರಿಯಲ್ಲಿ, ಕುಣಬಿಗಳ, ಗೌಳಿಗಳ ಮನೆಗಳಲ್ಲಿ ನಮಗಿಂತ ಹೆಚ್ಚು ಗೊತ್ತಿರುವವರಿದ್ದಾರೆ, ಅವರನ್ನು ನಾವು ಹಿಂದೆಯೂ ಸರಿಯಾಗಿ ಕೇಳಿರಲಿಲ್ಲ. ಹಬ್ಬಕ್ಕೆ ಬರುವ ಮೊಮ್ಮಕ್ಕಳು ಜೇನುಕಲ್ಲಿಗೆ ಹೋಗುವ ಮೊದಲು ಒಂದು ಮಧ್ಯಾಹ್ನ ಇವರ ಪಕ್ಕ ಕೂತು, ಗುಂಡಿ, ಒರತೆ, ಮರ, ದಾಟುದಾರಿಗಳ ಹೆಸರನ್ನು ಅದೇ ಮೊಬೈಲಿಗೆ ಹೇಳಿಸಿಕೊಂಡರೂ ಸಾಕು, ಬಾಕಿ ಸ್ವಲ್ಪ ಇಳಿದೀತು. ಸೌಟು ಯಾರ ಮನೆಯಲ್ಲಿದೆ ಎಂಬ ಜಗಳವನ್ನು ಎರಡೂ ದಡದವರು ಕೂತು ಆಮೇಲೆ ಆಡೋಣ.